ಭಾಷೆ ಒಂದೇ, ಅನುಷ್ಠಾನ ಹಲವು



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಕಂಪ್ಯೂಟರ್ ನನ್ನ ವಿಷಯವಲ್ಲ. ಹೀಗಿದ್ದೂ ಈ ಬಾರಿಯ ವಾರ್ಷಿಕ ಸಂಚಿಕೆಗೆ ಕಂಪ್ಯೂಟರ್ ಭಾಷೆಗಳ ಇತಿಹಾಸದ ಒಂದು ಅಧ್ಯಾಯವನ್ನು ಬರೆಯಲು ಹೊರಟಿದ್ದೇನೆ. ಅದಕ್ಕೆ ಕಾರಣ ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿ.

ಹನೂರು ಕಡೆಯ ಹುಡುಗಿ. ಏಳನೆಯ ತರಗತಿಯವರೆಗೆ ಉರ್ದು ಮಾಧ್ಯಮ, ಅನಂತರ ಕನ್ನಡ, ಪಿಯುಸಿಯಲ್ಲಿ ಇಂಗ್ಲಿಷ್. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡು ಒಳ್ಳೆಯ ಅಂಕ ಪಡೆದು ಇಂಜಿನಿಯರಿಂಗ್ ಸೇರಿದಳು. ಮೊದಲ ಸೆಮಿಸ್ಟರ್ ರಜೆಯಲ್ಲಿ ನನ್ನನ್ನು ನೋಡಲು ಬಂದಾಗ ಅವಳ ಮುಖದಲ್ಲಿ ಗೆಲುವಿರಲಿಲ್ಲ. "ಸರ್, ನಾನು ಬ್ರಾಂಚ್ ಬದಲಾಯಿಸ್ಬೇಕು ಅಂತಿದ್ದೀನಿ. ನನಗೆ ಪ್ರೋಗ್ರಾಂ ಬರೆಯೋಕೆ ಬರೋದಿಲ್ಲ ಅನ್ಸುತ್ತೆ" ಎಂದಳು. ಪಿಯುಸಿಯಲ್ಲಿ ಹತ್ತಾರು ಬಾರಿ ಬರೆದು ಸರಿಯಾಗಿ ಓಡಿಸಿದ್ದ ಒಂದು ಸಣ್ಣ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಅನ್ನು ಹೊಸ ಕಾಲೇಜಿನ ಲ್ಯಾಬ್‌ನಲ್ಲಿ ಬರೆದಿದ್ದಾಳೆ. ಕಂಪ್ಯೂಟರ್ ಮೊದಲ ಸಾಲನ್ನೇ ಒಪ್ಪಲಿಲ್ಲ. ಪಕ್ಕದಲ್ಲಿದ್ದ ಯಾರೋ, "ಉರ್ದು ಮೀಡಿಯಂನಿಂದ ಬಂದೋರಿಗೆ ಇದೆಲ್ಲ ಕಷ್ಟ" ಎಂದು ನಕ್ಕಿದ್ದಾರೆ. ಆ ಮಾತು ಅವಳ ಮನಸ್ಸಿಗೆ ನಾಟಿಬಿಟ್ಟಿತ್ತು.

ಆ ದಿನ ನನಗೆ ಉತ್ತರ ಹೇಳಲಾಗಲಿಲ್ಲ. ಕಂಪ್ಯೂಟರ್ ಕಲಿಸುವ ಸ್ನೇಹಿತರನ್ನು ಕೇಳಿದೆ, ಸ್ವತಃ ಓದಿದೆ. ತಪ್ಪು ಅವಳದ್ದೂ ಅಲ್ಲ, ಆ ಭಾಷೆಯದ್ದೂ ಅಲ್ಲ ಎಂದು ತಿಳಿಯಿತು. ತಪ್ಪಿದ್ದುದು ಯಾರೂ ಕೇಳದೆ ಬಿಟ್ಟ ಒಂದು ಪ್ರಶ್ನೆಯಲ್ಲಿ: "ಈ ಪ್ರೋಗ್ರಾಂ ಯಾವುದರ ಮೇಲೆ ಓಡುತ್ತಿದೆ?" ಈ ಪ್ರಶ್ನೆಗೆ ಅರವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಅನುಷ್ಠಾನ ಎಂದರೇನು?

ಕಂಪ್ಯೂಟರ್ ಭಾಷೆ ಎಂಬುದು ಮೂಲತಃ ನಿಯಮಗಳ ಒಂದು ಪಟ್ಟಿ. ಈ ಪದ ಬರೆದರೆ ಈ ಅರ್ಥ, ಈ ಚಿಹ್ನೆ ಇಟ್ಟರೆ ಈ ಕೆಲಸ ಎಂದು ಅದು ಹೇಳುತ್ತದೆ. ಪಟ್ಟಿ ತಾನಾಗಿ ಏನನ್ನೂ ಮಾಡಲಾರದು. ನಾವು ಬರೆದ ಸಾಲುಗಳನ್ನು ಓದಿ, ಅರ್ಥ ಮಾಡಿಕೊಂಡು, ಯಂತ್ರಕ್ಕೆ ತಿಳಿಯುವಂತೆ ಮಾಡಿ ಕೆಲಸ ಮಾಡಿಸಲು ಇನ್ನೊಂದು ಪ್ರೋಗ್ರಾಂ ಬೇಕು. ಅದನ್ನು ಕಂಪೈಲರ್ ಎಂದೋ ಇಂಟರ್‌ಪ್ರಿಟರ್ ಎಂದೋ ಕರೆಯುತ್ತಾರೆ. ಒಂದೇ ಭಾಷೆಗೆ ಬೇರೆ ಬೇರೆ ಕಂಪನಿಗಳು, ಬೇರೆ ಬೇರೆ ವಿದ್ವಾಂಸರು ಇಂತಹ ಪ್ರೋಗ್ರಾಂಗಳನ್ನು ಬರೆದಿರುತ್ತಾರೆ. ಇವೇ ಆ ಭಾಷೆಯ ಅನುಷ್ಠಾನಗಳು.

ಅನುಷ್ಠಾನ ಎಂಬ ಪದ ನಮಗೇನೂ ಹೊಸದಲ್ಲ. ಸರ್ಕಾರದ ಯೋಜನೆ ಒಂದೇ ಇರುತ್ತದೆ, ಆದೇಶದ ಪ್ರತಿಯೂ ಒಂದೇ. ಆದರೆ ಅದರ ಅನುಷ್ಠಾನ ಒಂದು ತಾಲ್ಲೂಕಿನಲ್ಲಿ ಒಂದು ಬಗೆ, ಪಕ್ಕದ ತಾಲ್ಲೂಕಿನಲ್ಲಿ ಇನ್ನೊಂದು ಬಗೆ.

ನಮ್ಮ ಸೀಮೆಯ ಇತಿಹಾಸವೇ ಇದಕ್ಕೆ ಒಳ್ಳೆಯ ಉದಾಹರಣೆ. 1956ರ ನವೆಂಬರ್ 1ಕ್ಕೆ ಮೊದಲು ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇತ್ತು. ಹತ್ತಿರದಲ್ಲೇ ಇರುವ ಯಳಂದೂರು ಮಾತ್ರ ಮೈಸೂರು ರಾಜ್ಯದ್ದು. ಎರಡೂ ಕಡೆ ಜನ ಆಡುತ್ತಿದ್ದುದು ಒಂದೇ ಕನ್ನಡ. ಆದರೆ ಅದೇ ಕನ್ನಡದಲ್ಲಿ ಒಂದು ಅರ್ಜಿ ಬರೆದರೆ, ಕೊಳ್ಳೇಗಾಲದವರ ಅರ್ಜಿ ಹೋಗುವ ಜಿಲ್ಲಾ ಕೇಂದ್ರ ಕೊಯಮತ್ತೂರು, ಯಳಂದೂರಿನವರದ್ದು ಮೈಸೂರು. ಕಚೇರಿ ಬೇರೆ, ಕಾಯಿದೆ ಬೇರೆ. ಅರ್ಜಿ ಬರೆದುಕೊಡುವವರು ಮೊದಲು ಕೇಳಬೇಕಾದ ಪ್ರಶ್ನೆ "ನಿಮ್ಮೂರು ಯಾವ ಸರ್ಕಾರದ ಕೆಳಗೆ ಬರುತ್ತದೆ?" ಎಂಬುದು. ಕಂಪ್ಯೂಟರ್ ಪ್ರೋಗ್ರಾಂ ಕೇಳುವ ಪ್ರಶ್ನೆಯೂ ಇದೇ.

ಫೋರ್ಟ್ರಾನ್‌ನಿಂದ ಕೋಬಾಲ್‌ವರೆಗೆ

ಈ ಪ್ರಶ್ನೆ ಹುಟ್ಟಿದ್ದು ಹೇಗೆಂದು ನೋಡೋಣ. 1957ರಲ್ಲಿ ಐಬಿಎಂ ಕಂಪನಿಯ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಫೋರ್ಟ್ರಾನ್ ಭಾಷೆಯನ್ನು ಹೊರತಂದರು. ಅದು ಐಬಿಎಂ 704 ಎಂಬ ಒಂದೇ ಮಾದರಿಯ ಯಂತ್ರಕ್ಕೆಂದು ಮಾಡಿದ್ದು. ಆಗ ಭಾಷೆ, ಅನುಷ್ಠಾನ ಎರಡೂ ಒಂದೇ ಆಗಿದ್ದವು. ಭಾಷೆ ಜನಪ್ರಿಯವಾಗುತ್ತಿದ್ದಂತೆ ಇತರ ಕಂಪನಿಗಳೂ ತಮ್ಮ ತಮ್ಮ ಯಂತ್ರಗಳಿಗೆ ಫೋರ್ಟ್ರಾನ್ ತಯಾರಿಸಿದವು. ಪ್ರತಿಯೊಬ್ಬರೂ ಸ್ವಲ್ಪ ಸೇರಿಸಿದರು, ಸ್ವಲ್ಪ ಬಿಟ್ಟರು. ಒಂದು ಕಡೆ ಬರೆದದ್ದು ಇನ್ನೊಂದು ಕಡೆ ಓಡದೆ ಗೊಂದಲ ಹೆಚ್ಚಿತು. ಕೊನೆಗೆ 1966ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಫೋರ್ಟ್ರಾನ್‌ಗೆ ಲಿಖಿತ ಮಾನಕವನ್ನು ಪ್ರಕಟಿಸಿತು. ಕಂಪ್ಯೂಟರ್ ಭಾಷೆಯೊಂದಕ್ಕೆ ಇಂತಹ ಮಾನಕ ದೊರೆತದ್ದು ಅದೇ ಮೊದಲು.

ಕೋಬಾಲ್ ಭಾಷೆಯ ಕಥೆ ಇನ್ನೂ ಸ್ವಾರಸ್ಯಕರ. ವ್ಯಾಪಾರ ಮತ್ತು ಕಚೇರಿ ಲೆಕ್ಕಕ್ಕಾಗಿ, ಎಲ್ಲ ಕಂಪನಿಗಳ ಯಂತ್ರಗಳಲ್ಲೂ ನಡೆಯುವ ಒಂದು ಭಾಷೆ ಬೇಕೆಂದು 1959ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಪೆಂಟಗನ್ ಕಟ್ಟಡದಲ್ಲಿ ಸಭೆ ನಡೆಯಿತು. ಅದರ ಫಲವೇ ಕೋಬಾಲ್. 1960ರ ಡಿಸೆಂಬರ್‌ನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಅನ್ನು ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಆರ್‌ಸಿಎ ಕಂಪನಿಯ ಯಂತ್ರದಲ್ಲೂ ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಯೂನಿವ್ಯಾಕ್ ಯಂತ್ರದಲ್ಲೂ ಓಡಿಸಿ ತೋರಿಸಿದರು. ಎರಡು ಬೇರೆ ಕಂಪನಿಗಳ ಯಂತ್ರಗಳು ಒಂದೇ ಬರಹವನ್ನು ಓದಿದ್ದು ಆ ಕಾಲಕ್ಕೆ ದೊಡ್ಡ ಸಂಗತಿ.

ಕೋಬಾಲ್ ರಚಿಸಿದವರು ಒಂದು ಜಾಣತನ ತೋರಿದ್ದರು. ಪ್ರತಿ ಕೋಬಾಲ್ ಪ್ರೋಗ್ರಾಂನಲ್ಲಿ ನಾಲ್ಕು ವಿಭಾಗಗಳಿರುತ್ತವೆ. ಅದರಲ್ಲಿ ಎರಡನೆಯದು ಪರಿಸರ ವಿಭಾಗ. ಪ್ರೋಗ್ರಾಂ ಯಾವ ಕಂಪ್ಯೂಟರ್‌ನಲ್ಲಿ ತಯಾರಾಯಿತು, ಯಾವ ಕಂಪ್ಯೂಟರ್‌ನಲ್ಲಿ ಓಡಬೇಕು ಎಂಬುದನ್ನು ಅಲ್ಲಿ ಬರೆಯಬೇಕಿತ್ತು. ಯಂತ್ರಕ್ಕೆ ಸಂಬಂಧಿಸಿದ ಮಾತುಗಳನ್ನೆಲ್ಲ ಒಂದೇ ಕಡೆ ಇಟ್ಟರೆ, ಯಂತ್ರ ಬದಲಾದಾಗ ಅದನ್ನಷ್ಟೇ ತಿದ್ದಿದರೆ ಸಾಕು ಎಂಬುದು ಅವರ ಆಲೋಚನೆ.

ತನ್ನ ಹೆಸರನ್ನು ತಾನೇ ಹೇಳುವ ಭಾಷೆ

ಕೋಬಾಲ್‌ನಲ್ಲಿ ಯಂತ್ರದ ಹೆಸರನ್ನು ಮನುಷ್ಯರೇ ಬರೆಯಬೇಕಿತ್ತು. ಓಡುತ್ತಿರುವಾಗ ಪ್ರೋಗ್ರಾಂ ತಾನೇ ಕೇಳಿ ತಿಳಿಯುವ ವ್ಯವಸ್ಥೆಗೆ ಒಳ್ಳೆಯ ಉದಾಹರಣೆ ಲಿಸ್ಪ್ ಭಾಷೆ. ಜಾನ್ ಮೆಕಾರ್ಥಿ ಅವರು 1960ರಲ್ಲಿ ಪ್ರಬಂಧದ ಮೂಲಕ ಪರಿಚಯಿಸಿದ ಈ ಭಾಷೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹಲವು ಕವಲುಗಳಾಗಿ ಒಡೆಯಿತು. ಮ್ಯಾಕ್‌ಲಿಸ್ಪ್, ಇಂಟರ್‌ಲಿಸ್ಪ್ ಮುಂತಾಗಿ ಒಂದೊಂದು ಸಂಶೋಧನಾ ಕೇಂದ್ರಕ್ಕೆ ಒಂದೊಂದು ಲಿಸ್ಪ್. ಒಬ್ಬರ ಶ್ರಮ ಇನ್ನೊಬ್ಬರಿಗೆ ಉಪಯೋಗಕ್ಕೆ ಬಾರದಂತಾಯಿತು.

ಈ ಕವಲುಗಳನ್ನು ಒಂದುಗೂಡಿಸಲು ಕಾಮನ್ ಲಿಸ್ಪ್ ರೂಪುಗೊಂಡಿತು. 1984ರಲ್ಲಿ ಗೈ ಸ್ಟೀಲ್ ಅವರ ಪುಸ್ತಕ ಅದರ ನಿಯಮಗಳನ್ನು ವಿವರಿಸಿತು. ಎಷ್ಟೇ ಒಂದುಗೂಡಿಸಿದರೂ ಭಿನ್ನತೆ ಉಳಿಯುತ್ತದೆ ಎಂಬುದನ್ನು ಅವರು ಒಪ್ಪಿಕೊಂಡಿದ್ದರು. ಆದ್ದರಿಂದ ಭಾಷೆಯೊಳಗೇ ಒಂದು ಪ್ರಶ್ನೆಯನ್ನು ಸೇರಿಸಿದರು: "ಲಿಸ್ಪ್ ಇಂಪ್ಲಿಮೆಂಟೇಶನ್ ಟೈಪ್." ಪ್ರೋಗ್ರಾಂ ಹೀಗೆ ಕೇಳಿದರೆ ಅದನ್ನು ಓಡಿಸುತ್ತಿರುವ ಲಿಸ್ಪ್ ತನ್ನ ಹೆಸರು ಹೇಳುತ್ತದೆ. ಆವೃತ್ತಿ ಯಾವುದು, ಯಂತ್ರ ಯಾವುದು ಎಂದು ಕೇಳಲೂ ಪ್ರತ್ಯೇಕ ಪ್ರಶ್ನೆಗಳಿವೆ.

ಸಿ ಭಾಷೆ, ಟರ್ಬೊ ಮತ್ತು ನಮ್ಮ ಪಿಯು ಕಾಲೇಜುಗಳು

ಈಗ ನನ್ನ ವಿದ್ಯಾರ್ಥಿನಿಯ ಸಮಸ್ಯೆಗೆ ಬರೋಣ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದರು. ಅದರ ಮಾನಕ ಸಿದ್ಧವಾದದ್ದು 1989ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ, 1987ರಲ್ಲಿ, ಎರಡು ಮುಖ್ಯ ಅನುಷ್ಠಾನಗಳು ಹೊರಬಂದಿದ್ದವು. ಒಂದು ಬೋರ್ಲ್ಯಾಂಡ್ ಕಂಪನಿಯ ಟರ್ಬೊ ಸಿ. ಇನ್ನೊಂದು ರಿಚರ್ಡ್ ಸ್ಟಾಲ್ಮನ್ ಆರಂಭಿಸಿದ ಜಿಸಿಸಿ, ಇದು ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ. 1990ರಲ್ಲಿ ಟರ್ಬೊ ಸಿ ಪ್ಲಸ್ ಪ್ಲಸ್ ಬಂದಿತು.

ನಮ್ಮ ದೇಶದ ಶಾಲಾ ಕಾಲೇಜುಗಳಲ್ಲಿ ಟರ್ಬೊ ಬಹಳ ಕಾಲ ಉಳಿಯಿತು. ಚಿಕ್ಕ ತಂತ್ರಾಂಶ, ಹಳೆಯ ಕಂಪ್ಯೂಟರ್‌ನಲ್ಲೂ ನಡೆಯುತ್ತಿತ್ತು. ಆ ನೀಲಿ ಪರದೆಯನ್ನು ನೋಡದ ಕಂಪ್ಯೂಟರ್ ವಿದ್ಯಾರ್ಥಿ ಆ ದಿನಗಳಲ್ಲಿ ವಿರಳ. ಆದರೆ ಸಿ ಪ್ಲಸ್ ಪ್ಲಸ್ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಅಂದರೆ ಟರ್ಬೊ ಆ ಮಾನಕಕ್ಕಿಂತ ಹಿಂದಿನದು. ಮಾನಕದಲ್ಲಿ "ಐಒಸ್ಟ್ರೀಮ್" ಎಂಬ ಹೆಸರಿನ ಕೊನೆಗೆ "ಡಾಟ್ ಎಚ್" ಇಲ್ಲ. ಟರ್ಬೊದಲ್ಲಿ ಅದು ಇರಲೇಬೇಕು. ಪರದೆ ಒರೆಸುವ "ಸಿಎಲ್ಆರ್ ಎಸ್‌ಸಿಆರ್" ಎಂಬ ಆಜ್ಞೆ ಟರ್ಬೊ ಕೊಟ್ಟ ಸೌಲಭ್ಯ, ಭಾಷೆಯ ನಿಯಮದಲ್ಲಿ ಅದು ಇಲ್ಲವೇ ಇಲ್ಲ. ನನ್ನ ವಿದ್ಯಾರ್ಥಿನಿ ಪಿಯುಸಿಯಲ್ಲಿ ಕಲಿತದ್ದು ಟರ್ಬೊದಲ್ಲಿ. ಇಂಜಿನಿಯರಿಂಗ್ ಲ್ಯಾಬ್‌ನಲ್ಲಿದ್ದುದು ಜಿಸಿಸಿ. ಅವಳು ಬರೆದ ಮೊದಲ ಸಾಲಿನಲ್ಲೇ "ಡಾಟ್ ಎಚ್" ಇತ್ತು. ಅಂತಹ ಫೈಲ್ ಇಲ್ಲ ಎಂದು ಕಂಪ್ಯೂಟರ್ ಹೇಳಿತು. ಇಷ್ಟೇ ನಡೆದದ್ದು!

ಹೀಗೆ ಮೊದಲ ಸಾಲಿನಲ್ಲೇ ತಪ್ಪು ಕಂಡರೆ ಅದು ಪುಣ್ಯ. ಕೆಲವು ಭಿನ್ನತೆಗಳು ಕಾಣುವುದೇ ಇಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಕೊಳ್ಳೇಗಾಲದ ರೇಷ್ಮೆ ಅಂಗಡಿಯೊಂದರ ಬಿಲ್ ಲೆಕ್ಕಕ್ಕೆ ನೀವು ಪ್ರೋಗ್ರಾಂ ಬರೆಯುತ್ತೀರಿ ಎಂದುಕೊಳ್ಳಿ. ಎರಡು ಸೀರೆ, ಒಂದೊಂದಕ್ಕೆ 20,000 ರೂಪಾಯಿ. ಸಾಮಾನ್ಯ ಪೂರ್ಣಾಂಕವಾದ "ಇಂಟ್" ಬಳಸಿ ಎರಡನ್ನೂ ಕೂಡಿಸುತ್ತೀರಿ. ಈಗಿನ ಕಂಪ್ಯೂಟರ್‌ಗಳಲ್ಲಿ ಜಿಸಿಸಿ 40,000 ಎಂದು ಹೇಳುತ್ತದೆ. ಟರ್ಬೊದಲ್ಲಿ ಉತ್ತರ ಮೈನಸ್ 25,536! ಸೀರೆ ಕೊಟ್ಟ ಅಂಗಡಿಯವರೇ ಗಿರಾಕಿಗೆ ಹಣ ಕೊಡಬೇಕು ಎಂದು ಅರ್ಥ.

ಇದೇಕೆ ಹೀಗೆ? ಟರ್ಬೊ ಒಂದು "ಇಂಟ್" ಸಂಖ್ಯೆಗೆ 16 ಬಿಟ್ ಜಾಗ ಕೊಡುತ್ತದೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಅದನ್ನು ಮೀರಿದರೆ ಎಣಿಕೆ ಸುತ್ತು ಹಾಕಿ ಋಣ ಸಂಖ್ಯೆಗೆ ಬೀಳುತ್ತದೆ. 40,000ದಿಂದ 65,536 ಕಳೆದು ನೋಡಿ, ಅದೇ ಉತ್ತರ ಬರುತ್ತದೆ. ಈಗಿನ ಜಿಸಿಸಿ 32 ಬಿಟ್ ಕೊಡುವುದರಿಂದ ಇನ್ನೂರು ಕೋಟಿ ದಾಟಿಯೂ ಹಿಡಿಸುತ್ತದೆ. ಇಲ್ಲಿ ಟರ್ಬೊ ನಿಯಮ ಮೀರಿಲ್ಲ. ಕನಿಷ್ಠ 16 ಬಿಟ್ ಇರಬೇಕೆಂದಷ್ಟೇ ಸಿ ಭಾಷೆಯ ಮಾನಕ ಹೇಳುತ್ತದೆ. ಉಳಿದದ್ದನ್ನು ಅದು ಅನುಷ್ಠಾನಕ್ಕೆ ಬಿಟ್ಟಿದೆ. ಇಬ್ಬರೂ ಕಾನೂನಿನ ಪ್ರಕಾರವೇ ನಡೆದಿದ್ದಾರೆ, ಉತ್ತರ ಮಾತ್ರ ಬೇರೆ.

ಇದನ್ನು ಕಂಡುಹಿಡಿಯಲು ಸಿ ಬಳಸುವವರಿಗೆ ಒಂದು ಉಪಾಯವಿದೆ. ಪ್ರತಿಯೊಂದು ಕಂಪೈಲರ್ ತನ್ನೊಳಗೆ ಒಂದು ಗುರುತು ಇಟ್ಟುಕೊಂಡಿರುತ್ತದೆ. ಟರ್ಬೊದಲ್ಲಿ "ಟರ್ಬೊಸಿ", ಜಿಸಿಸಿಯಲ್ಲಿ "ಗ್ನುಸಿ". ಎರಡಕ್ಕೂ ಹಿಂದೆ ಮುಂದೆ ಎರಡೆರಡು ಅಡಿಗೆರೆ. "ಈ ಗುರುತು ಇದ್ದರೆ ಈ ಸಾಲುಗಳನ್ನು ತೆಗೆದುಕೋ, ಇಲ್ಲದಿದ್ದರೆ ಆ ಸಾಲುಗಳನ್ನು ತೆಗೆದುಕೋ" ಎಂದು "ಇಫ್‌ಡೆಫ್" ಎಂಬ ಸೂಚನೆಯ ಮೂಲಕ ಪ್ರೋಗ್ರಾಂನಲ್ಲಿ ಬರೆಯಬಹುದು. ಒಂದೇ ಫೈಲ್ ಎರಡೂ ಕಡೆ ನಡೆಯುತ್ತದೆ.

ಗಡಿಯ ಆಚೆ ಈಚೆ

ಮಗು ಯಾವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಕಲಿಯುತ್ತದೆ ಎಂಬುದನ್ನು ಮಗು ಆರಿಸಿಕೊಳ್ಳುವುದಿಲ್ಲ. 1956ಕ್ಕೆ ಮೊದಲು ನಮ್ಮ ಹಿರಿಯರ ಕಚೇರಿಯನ್ನು ರಾಜ್ಯದ ಗಡಿ ನಿರ್ಧರಿಸಿದಂತೆ, ಇದನ್ನೂ ಕೆಲವೊಮ್ಮೆ ಗಡಿಯೇ ನಿರ್ಧರಿಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡಿ. ಅವರು ಕೇರಳ ರಾಜ್ಯದವರು. ಕೇರಳದಲ್ಲಿ 2001ರಲ್ಲಿ ಆರಂಭವಾದ "ಐಟಿ ಅಟ್ ಸ್ಕೂಲ್" ಯೋಜನೆ ಕೆಲವೇ ವರ್ಷಗಳಲ್ಲಿ ಶಾಲೆಗಳನ್ನು ಮುಕ್ತ ತಂತ್ರಾಂಶವಾದ ಲಿನಕ್ಸ್ ಕಡೆಗೆ ಒಯ್ದಿತು. ಗಡಿಯ ಈಚೆ, ನಮ್ಮ ರಾಜ್ಯದ ಮಕ್ಕಳಲ್ಲಿ ಹೆಚ್ಚಿನವರು ಕಲಿತದ್ದು ವಿಂಡೋಸ್‌ನಲ್ಲಿ. ಮನೆಮಾತು ಅದೇ ಕನ್ನಡ, ಪಾಠದ ಕನ್ನಡವೂ ಅದೇ. ಲ್ಯಾಬ್ ಮಾತ್ರ ಬೇರೆ. ಒಂದು ಕಡೆಯ ಮಗು ಇನ್ನೊಂದು ಕಡೆಯ ಕಂಪ್ಯೂಟರ್ ಮುಂದೆ ತಡವರಿಸಿದರೆ ಅದನ್ನು ದಡ್ಡತನ ಎನ್ನಲಾದೀತೇ?

ಇಂತಹ ತಡವರಿಕೆ ನಮ್ಮಂತಹ ಭಾಷಾ ಶಿಕ್ಷಕರಿಗೂ ಗೊತ್ತು. ಯುನಿಕೋಡ್ ಬಳಕೆಗೆ ಬರುವ ಮೊದಲು, ನುಡಿ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ ಕನ್ನಡ ಪ್ರಶ್ನೆಪತ್ರಿಕೆಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತಿತ್ತು. ಉರ್ದು ಪ್ರಶ್ನೆಪತ್ರಿಕೆಯನ್ನು ಇನ್‌ಪೇಜ್‌ನಲ್ಲಿ ಮಾಡಿದ್ದರೆ ಇನ್‌ಪೇಜ್ ಇರುವ ಅಂಗಡಿಯನ್ನೇ ಹುಡುಕಬೇಕಿತ್ತು. ಬರೆದದ್ದು ಸರಿಯಾಗಿಯೇ ಇತ್ತು, ಓದುವ ಯಂತ್ರ ಮಾತ್ರ ಬೇರೆಯದಾಗಿತ್ತು.

ಹೆಸರು ನಂಬಬಹುದೇ?

ಹಾಗಾದರೆ ಹೆಸರು ಕೇಳಿಬಿಟ್ಟರೆ ಎಲ್ಲ ಸರಿಯಾಗುತ್ತದೆಯೇ? ಇಲ್ಲ ಎನ್ನುತ್ತದೆ ಇತಿಹಾಸ.

1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಜಾವಾ ಭಾಷೆಯನ್ನು ಬಿಡುಗಡೆ ಮಾಡಿತು. ಒಮ್ಮೆ ಬರೆದರೆ ಎಲ್ಲ ಕಡೆ ಓಡುತ್ತದೆ ಎಂಬುದು ಅದರ ಪ್ರಚಾರದ ಮಾತಾಗಿತ್ತು. ಮೈಕ್ರೋಸಾಫ್ಟ್ ಕಂಪನಿ ಪರವಾನಗಿ ಪಡೆದು ತನ್ನದೇ ಜಾವಾ ಅನುಷ್ಠಾನ ಮಾಡಿತು. ಆದರೆ ಅದರಲ್ಲಿ ಕೆಲವು ಭಾಗಗಳನ್ನು ಬಿಟ್ಟು, ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಕೆಲವನ್ನು ಸೇರಿಸಿತು ಎಂದು ಆರೋಪಿಸಿ ಸನ್ 1997ರ ಅಕ್ಟೋಬರ್‌ನಲ್ಲಿ ನ್ಯಾಯಾಲಯಕ್ಕೆ ಹೋಯಿತು. 2001ರ ಜನವರಿಯಲ್ಲಿ ರಾಜಿಯಾಗಿ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕೊಟ್ಟಿತು. ಜಾವಾ ಎಂಬ ಹೆಸರು ಇದ್ದ ಮಾತ್ರಕ್ಕೆ ಒಳಗಿರುವುದೆಲ್ಲ ಒಂದೇ ಅಲ್ಲ ಎಂಬುದು ಆ ಮೊಕದ್ದಮೆಯಿಂದ ಲೋಕಕ್ಕೆ ತಿಳಿಯಿತು.

ಅದೇ ವರ್ಷಗಳಲ್ಲಿ ಅಂತರ್ಜಾಲದಲ್ಲಿ ಇನ್ನೊಂದು ನಾಟಕ ನಡೆಯಿತು. ಜಾಲಪುಟಗಳಲ್ಲಿ ಬಳಸುವ ಜಾವಾಸ್ಕ್ರಿಪ್ಟ್ ಭಾಷೆಯನ್ನು 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ರಚಿಸಿದರು. ಮರುವರ್ಷ ಮೈಕ್ರೋಸಾಫ್ಟ್ ಅದರ ತನ್ನ ಅನುಷ್ಠಾನವನ್ನು ಜೆಸ್ಕ್ರಿಪ್ಟ್ ಎಂಬ ಹೆಸರಿನಿಂದ ತಂದಿತು. ಎರಡರಲ್ಲೂ ನಡೆಯುವಂತೆ ಪುಟ ಬರೆಯುವುದು ಕಷ್ಟವಾದಾಗ, ಪುಟ ತಯಾರಿಸುವವರು ಮೊದಲು ಬ್ರೌಸರ್‌ನ ಹೆಸರು ಕೇಳತೊಡಗಿದರು. ನೆಟ್‌ಸ್ಕೇಪ್ ತನ್ನನ್ನು "ಮೊಝಿಲ್ಲಾ" ಎಂದು ಪರಿಚಯಿಸಿಕೊಳ್ಳುತ್ತಿತ್ತು. ಆ ಹೆಸರು ಹೇಳಿದವರಿಗೆ ಒಳ್ಳೆಯ ಪುಟ, ಹೇಳದವರಿಗೆ ಸಾದಾ ಪುಟ. ಇದನ್ನು ಕಂಡ ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೂಡ "ನಾನೂ ಮೊಝಿಲ್ಲಾ" ಎಂದಿತು. ಅನಂತರ ಬಂದವರೂ ಅದನ್ನೇ ಹೇಳಿದರು. ಇಂದು ನಿಮ್ಮ ಮೊಬೈಲ್‌ನ ಬ್ರೌಸರ್ ಕೂಡ ತನ್ನ ಪರಿಚಯವನ್ನು ಆರಂಭಿಸುವುದು ಮೊಝಿಲ್ಲಾ ಎಂಬ ಪದದಿಂದಲೇ! 1997ರಲ್ಲಿ ಜಾವಾಸ್ಕ್ರಿಪ್ಟ್‌ಗೆ ಮಾನಕ ಬಂದ ಮೇಲೂ ಈ ಅಭ್ಯಾಸ ಹೋಗಲಿಲ್ಲ. "ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನೋಡಿ" ಎಂಬ ಸೂಚನೆ ನಮ್ಮ ದೇಶದ ಅನೇಕ ಜಾಲತಾಣಗಳಲ್ಲಿ ವರ್ಷಗಟ್ಟಲೆ ಇತ್ತು. ಆ ಬ್ರೌಸರ್‌ಗೇ 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ವಿದಾಯ ಹೇಳಿತು.

ಕಂಪೈಲರ್‌ಗಳಲ್ಲೂ ಹೀಗೇ ಆಯಿತು. 2007ರಲ್ಲಿ ಸಾರ್ವಜನಿಕವಾಗಿ ಹೊರಬಂದ ಕ್ಲ್ಯಾಂಗ್ ಎಂಬ ಕಂಪೈಲರ್ ತನ್ನ ಸ್ವಂತ ಗುರುತಿನ ಜೊತೆಗೆ ಜಿಸಿಸಿಯ ಗುರುತನ್ನೂ ಇಟ್ಟುಕೊಂಡಿದೆ. ಮೋಸ ಮಾಡುವ ಉದ್ದೇಶ ಅದಕ್ಕಿಲ್ಲ. ಜಿಸಿಸಿಯ ಹೆಸರು ಕೇಳಿದರೆ ಮಾತ್ರ ಬಾಗಿಲು ತೆರೆಯುವ ಪ್ರೋಗ್ರಾಂಗಳು ಬಹಳ ಇದ್ದವು, ಅಷ್ಟೇ.

ಇದರಿಂದ ಪ್ರೋಗ್ರಾಂ ಬರೆಯುವವರು ಒಂದು ಪಾಠ ಕಲಿತರು. "ನಿನ್ನ ಹೆಸರೇನು?" ಎಂದು ಕೇಳುವುದಕ್ಕಿಂತ "ಈ ಕೆಲಸ ನಿನಗೆ ಬರುತ್ತದೆಯೇ?" ಎಂದು ಕೇಳುವುದು ಲೇಸು. ಬ್ರೌಸರ್ ಯಾವುದೆಂದು ನೋಡುವ ಬದಲು, ಬೇಕಾದ ಸೌಲಭ್ಯ ಇದೆಯೇ ಎಂದು ನೇರವಾಗಿ ಪರೀಕ್ಷಿಸುವುದು. ಕಂಪೈಲರ್‌ನ ಹೆಸರು ಕೇಳುವ ಬದಲು, ಅದರ "ಇಂಟ್" ಎಷ್ಟು ದೊಡ್ಡದೆಂದು ಅಳೆದು ನೋಡುವುದು.

ಪೈಥಾನ್ ಕೊಟ್ಟ ಉತ್ತರ

ಇಂದಿನ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತವಾದ ಭಾಷೆ ಪೈಥಾನ್. ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಕಂಪ್ಯೂಟರ್ ಸೈನ್ಸ್ ಪುಸ್ತಕ ಅದರಲ್ಲೇ ಪಾಠ ಹೇಳುತ್ತದೆ. 1991ರಲ್ಲಿ ಗೈಡೋ ವಾನ್ ರೋಸಮ್ ಇದನ್ನು ಮೊದಲು ಹೊರತಂದರು. ಅವರ ಮೂಲ ಅನುಷ್ಠಾನ ಸಿ ಭಾಷೆಯಲ್ಲಿ ಬರೆದದ್ದು, ಆದ್ದರಿಂದ ಅದಕ್ಕೆ ಸಿಪೈಥಾನ್ ಎಂಬ ಹೆಸರು ಬಂದಿತು. ಜಿಮ್ ಹ್ಯೂಗುನಿನ್ ಎಂಬುವರು 1997ರಲ್ಲಿ ಜಾವಾ ಮೇಲೆ ಓಡುವ ಪೈಥಾನ್ ಮಾಡಿದರು. ಅದೇ ಮುಂದೆ ಜೈಥಾನ್ ಆಯಿತು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಮೇಲೆ ಓಡುವ ಐರನ್‌ಪೈಥಾನ್‌ನ ಮೊದಲ ಪೂರ್ಣ ಆವೃತ್ತಿ 2006ರಲ್ಲಿ ಬಂದಿತು, ಅದೂ ಅವರದ್ದೇ ಕೆಲಸ. ವೇಗಕ್ಕೆ ಹೆಸರಾದ ಪೈಪೈ, ಪುಟ್ಟ ಎಲೆಕ್ಟ್ರಾನಿಕ್ ಫಲಕಗಳಿಗಾಗಿ ಡೇಮಿಯನ್ ಜಾರ್ಜ್ ರೂಪಿಸಿದ ಮೈಕ್ರೋಪೈಥಾನ್, ಹೀಗೆ ಕುಟುಂಬ ಬೆಳೆಯಿತು. ಬ್ರಿಟನ್‌ನಲ್ಲಿ 2016ರಲ್ಲಿ ಶಾಲಾ ಮಕ್ಕಳಿಗೆ ಹಂಚಿದ ಮೈಕ್ರೋಬಿಟ್ ಎಂಬ ಫಲಕದಲ್ಲಿ ಇದ್ದದ್ದು ಬರೀ 16 ಕಿಲೋಬೈಟ್ ಸ್ಮರಣೆ. ಮೈಕ್ರೋಪೈಥಾನ್ ಅಷ್ಟರಲ್ಲೇ ಸಂಸಾರ ನಡೆಸುತ್ತದೆ.

ಇವುಗಳ ನಡುವೆಯೂ ಭಿನ್ನತೆಗಳಿವೆ. ಒಂದು ಫೈಲ್‌ಗೆ ಬರೆದು ಅದನ್ನು ಮುಚ್ಚುವುದನ್ನು ಮರೆತರೆ, ಸಿಪೈಥಾನ್ ಸಾಮಾನ್ಯವಾಗಿ ಆ ಫೈಲ್‌ನ ಬಳಕೆ ಮುಗಿದ ಕೂಡಲೇ ತಾನೇ ಮುಚ್ಚಿಬಿಡುತ್ತದೆ. ಪೈಪೈ ಸ್ಮರಣೆಯನ್ನು ಶುಚಿಗೊಳಿಸುವ ಕ್ರಮವೇ ಬೇರೆಯಾದ್ದರಿಂದ ಹಾಗೆ ಕೂಡಲೇ ಮುಚ್ಚುವುದಿಲ್ಲ, ನೀವು ಬರೆದದ್ದು ಡಿಸ್ಕ್ ಮೇಲೆ ತಡವಾಗಿ ಕಾಣಬಹುದು. ಮರೆವನ್ನು ಒಬ್ಬ ಮೇಷ್ಟ್ರು ಕ್ಷಮಿಸುತ್ತಾರೆ, ಇನ್ನೊಬ್ಬರು ಕ್ಷಮಿಸುವುದಿಲ್ಲ. ತಾನೇ ಮುಚ್ಚುವ ಅಭ್ಯಾಸವಿರುವವರಿಗೆ ಇಬ್ಬರ ಹತ್ತಿರವೂ ಭಯವಿಲ್ಲ.

2008ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 2.6ರಲ್ಲಿ ಅನುಷ್ಠಾನದ ಹೆಸರು ಕೇಳುವ ಸೌಲಭ್ಯ ಸೇರಿತು. 2012ರ ಸೆಪ್ಟೆಂಬರ್‌ನಲ್ಲಿ ಬಂದ 3.3ರಲ್ಲಿ ಅದಕ್ಕೆ ಇನ್ನಷ್ಟು ವ್ಯವಸ್ಥಿತ ರೂಪ ಸಿಕ್ಕಿತು. ನೀವೂ ಪ್ರಯತ್ನಿಸಿ. ಮೊದಲ ಸಾಲಿನಲ್ಲಿ "ಇಂಪೋರ್ಟ್ ಸಿಸ್" ಎಂದು ಬರೆಯಿರಿ. ಎರಡನೆಯ ಸಾಲಿನಲ್ಲಿ "ಪ್ರಿಂಟ್" ಎಂದು ಬರೆದು ಕಂಸದೊಳಗೆ "ಸಿಸ್ ಡಾಟ್ ಇಂಪ್ಲಿಮೆಂಟೇಶನ್ ಡಾಟ್ ನೇಮ್" ಎಂದು ಬರೆಯಿರಿ. ಎಲ್ಲವೂ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ, "ಡಾಟ್" ಎಂದಲ್ಲಿ ಒಂದು ಚುಕ್ಕೆ. ನಿಮ್ಮ ಪೈಥಾನ್ ತನ್ನ ಹೆಸರು ಹೇಳುತ್ತದೆ. ಹೆಚ್ಚಿನವರಿಗೆ ಸಿಪೈಥಾನ್ ಎಂಬ ಉತ್ತರ ಬರುತ್ತದೆ.

ಇಲ್ಲಿ ಒಂದು ಎಚ್ಚರ. ಅನುಷ್ಠಾನ ಬೇರೆ, ಆವೃತ್ತಿ ಬೇರೆ. ಪೈಥಾನ್ 2ರಲ್ಲಿ 1ನ್ನು 2ರಿಂದ ಭಾಗಿಸಿದರೆ ಉತ್ತರ 0, ಪೈಥಾನ್ 3ರಲ್ಲಿ 0.5. ಇದು ಆವೃತ್ತಿಯಿಂದಾದ ವ್ಯತ್ಯಾಸ. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೆ ಮುಗಿದರೂ ಹಳೆಯ ಪುಸ್ತಕಗಳಲ್ಲಿ ಅದರ ಉದಾಹರಣೆಗಳು ಉಳಿದಿವೆ. ಆದ್ದರಿಂದ ಎರಡೂ ಪ್ರಶ್ನೆಗಳನ್ನು ಕೇಳಬೇಕು: ಯಾವ ಅನುಷ್ಠಾನ? ಯಾವ ಆವೃತ್ತಿ?

ನಕ್ಕೋ ಎಂದವರು ಯಾರು?

ಇದನ್ನೆಲ್ಲ ಓದುವಾಗ ಭಾಷಾ ಶಿಕ್ಷಕನಾದ ನನಗೆ ನಮ್ಮ ಮನೆಮಾತಿನ ನೆನಪಾಯಿತು. ನಾವು ಪುಸ್ತಕದಲ್ಲಿ ಓದುವುದು ಉರ್ದು, ಮನೆಯಲ್ಲಿ ಆಡುವುದು ದಖ್ಖನಿ. ಪುಸ್ತಕ "ಕ್ಯೂಂ" ಎಂದರೆ ನಾವು "ಕೈಕು" ಎನ್ನುತ್ತೇವೆ. "ಹಾಂ" ಎನ್ನುವಲ್ಲಿ "ಹೌ". ಬೇಡ ಎನ್ನಲು "ನಕ್ಕೋ". ಲಕ್ನೋದವರ ಮುಂದೆ ಒಂದು "ನಕ್ಕೋ" ಅಂದರೆ ಸಾಕು, ಹೆಸರು ಊರು ಕೇಳದೆಯೇ ದಖ್ಖನ್‌ನವರೆಂದು ಗುರುತಿಸುತ್ತಾರೆ. ಪ್ರೋಗ್ರಾಂ ಕೂಡ 20,000ಕ್ಕೆ 20,000 ಕೂಡಿಸಿ ನೋಡಿ, ತಾನಿರುವುದು 16 ಬಿಟ್ ಲೆಕ್ಕದ ಮನೆಯಲ್ಲಿ ಎಂದು ತಿಳಿಯುವುದು ಹೀಗೆಯೇ.

ಗುರುತಿಸುವುದರಲ್ಲಿ ತಪ್ಪಿಲ್ಲ. ಗುರುತಿಸಿದ ಮೇಲೆ ಏನು ಮಾಡುತ್ತೇವೆ ಎಂಬುದು ಮುಖ್ಯ. ಕೇಳಿದವರು ಮಾತು ಹೊಂದಿಸಿಕೊಂಡರೆ ಸಂವಾದ ಸಾಧ್ಯ. ಕೇಳಿ ನಕ್ಕರೆ ಬಾಗಿಲು ಮುಚ್ಚಿದಂತೆ. ದಖ್ಖನಿ ಕೆಟ್ಟ ಉರ್ದು ಎಂದು ಕೆಲವರು ಭಾವಿಸುತ್ತಾರೆ. ಆದರೆ ನಮ್ಮ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾ "ಕಿತಾಬ್ ಎ ನೌರಸ್" ರಚಿಸಿದ್ದು ಇದೇ ದಖ್ಖನಿಯಲ್ಲಿ. ಅವನ ಆಳ್ವಿಕೆಯ ಕಾಲ 1580ರಿಂದ 1627. ಭಿನ್ನವಾಗಿರುವುದೆಲ್ಲ ದೋಷವಲ್ಲ.

ವಿದ್ಯಾರ್ಥಿಗಳಿಗೆ ಕಿವಿಮಾತು

ಈ ಇತಿಹಾಸದಿಂದ ನಾವು ತಿಳಿಯಬೇಕಾದದ್ದು ಮೂರು. ಮೊದಲನೆಯದಾಗಿ, ಹೊಸ ಲ್ಯಾಬ್‌ಗೆ ಹೋದ ದಿನ ಮೊದಲು ಕೇಳಿ: ಇಲ್ಲಿರುವುದು ಯಾವ ಅನುಷ್ಠಾನ, ಯಾವ ಆವೃತ್ತಿ? ಕೇಳಲು ನಾಚಿಕೆ ಬೇಡ, ಪ್ರೋಗ್ರಾಂಗಳೇ ಕೇಳುತ್ತವೆ. ಎರಡನೆಯದಾಗಿ, ಸಾಧ್ಯವಾದಷ್ಟೂ ಮಾನಕವನ್ನು ಅನುಸರಿಸಿ ಬರೆಯಿರಿ. ಒಂದು ಅನುಷ್ಠಾನ ಮಾತ್ರ ಕೊಡುವ ಸೌಲಭ್ಯಕ್ಕೆ ಒಗ್ಗಿಕೊಂಡರೆ ಊರು ಬಿಟ್ಟಾಗ ತೊಂದರೆ. ಮೂರನೆಯದಾಗಿ, ಹೆಸರಿನಿಂದ ಯಾರನ್ನೂ ಅಳೆಯಬೇಡಿ, ಕೆಲಸ ಕೊಟ್ಟು ನೋಡಿ. ಇದು ಕಂಪ್ಯೂಟರ್‌ಗೆ ಎಷ್ಟು ನಿಜವೋ ಮನುಷ್ಯರಿಗೂ ಅಷ್ಟೇ ನಿಜ. ಉರ್ದು ಮಾಧ್ಯಮ, ಹಳ್ಳಿ ಶಾಲೆ ಎಂಬುವು ಹೆಸರುಗಳು. ಆ ಹುಡುಗಿಗೆ ಲೆಕ್ಕ ಬರುತ್ತದೆಯೇ, ತರ್ಕ ಬರುತ್ತದೆಯೇ ಎಂಬುದನ್ನು ಆ ಹೆಸರುಗಳು ಹೇಳುವುದಿಲ್ಲ.

ಶಿಕ್ಷಕರಾದ ನಮಗೂ ಇಲ್ಲಿ ಜವಾಬ್ದಾರಿಯಿದೆ. ನಾವು ಕಲಿಸಿದ್ದು ಭಾಷೆಯೋ, ಕೇವಲ ಒಂದು ಅನುಷ್ಠಾನವೋ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. "ಮುಂದೆ ಬೇರೆ ಕಡೆ ಇದು ಬೇರೆ ರೀತಿ ಇರುತ್ತದೆ ಮಗು, ಹೆದರಬೇಡ" ಎಂಬ ಒಂದು ಮಾತನ್ನು ಪಿಯುಸಿಯಲ್ಲೇ ಯಾರಾದರೂ ಹೇಳಿದ್ದರೆ ನನ್ನ ವಿದ್ಯಾರ್ಥಿನಿ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.

ಅಂದ ಹಾಗೆ, ಅವಳ ಕಥೆ ಮುಗಿಸದೆ ಬಿಟ್ಟರೆ ನೀವು ಬೇಸರಪಡುವಿರಿ. ನಾನು ತಿಳಿದುಕೊಂಡದ್ದನ್ನು ಫೋನ್‌ನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೇನಾ ಸರ್?" ಎಂದಳು. ಅಷ್ಟೇ ಎಂದೆ. ಮೊದಲ ಸಾಲಿನ "ಡಾಟ್ ಎಚ್" ತೆಗೆದಳು, ಇನ್ನೊಂದೆರಡು ಸಾಲು ತಿದ್ದಿದಳು, ಪ್ರೋಗ್ರಾಂ ಓಡಿತು. ಬ್ರಾಂಚ್ ಬದಲಾಯಿಸಲಿಲ್ಲ. ಈಗ ಪದವಿ ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹೊಸಬರು ಸೇರಿದಾಗ ಮೊದಲ ದಿನ ಅವರ ಕಂಪ್ಯೂಟರ್‌ನಲ್ಲಿ ಯಾವ ಅನುಷ್ಠಾನ, ಯಾವ ಆವೃತ್ತಿ ಇದೆ ಎಂದು ತಾನೇ ನೋಡಿಕೊಡುತ್ತಾಳಂತೆ.

ಕೊಳ್ಳೇಗಾಲ, ಹನೂರು, ಯಳಂದೂರಿನ ನಮ್ಮ ಮಕ್ಕಳು ನಾಳೆ ಎಲ್ಲೆಲ್ಲೋ ಹೋಗುತ್ತಾರೆ. ಹೋದಲ್ಲಿ ಮೊದಲ ಸಾಲೇ ತಪ್ಪಾದರೆ ತಲೆತಗ್ಗಿಸಬೇಡಿ. ತಾನೆಲ್ಲಿದ್ದೇನೆ ಎಂದು ಕೇಳಿ ತಿಳಿದು, ಆ ಸಾಲನ್ನು ತಿದ್ದಿ ಮುಂದೆ ಸಾಗಿ. ನಿಮ್ಮೆಲ್ಲರಿಗೂ ಶುಭವಾಗಲಿ.